ಮುಖ ನೋಡದೆ ಮಾತಾಡಿದಳು, ಅಷ್ಟಕ್ಕೇ ಸುಳ್ಳಾ?

ಪ್ರಶ್ನೆ: ಅಮ್ಮ ಹತ್ತು ದಿನ ಆಸ್ಪತ್ರೆಯಲ್ಲಿದ್ದರು. ಹದಿನಾಲ್ಕು ವರ್ಷದಿಂದ ಗೆಳತಿಯಾಗಿರುವವಳು ಒಂದು ಸಲವೂ ಬರಲಿಲ್ಲ. ಆಮೇಲೆ ಸಿಕ್ಕಾಗ "ಕೆಲಸ ತುಂಬಾ ಇತ್ತು" ಅಂದಳು, ನನ್ನ ಮುಖ ಮಾತ್ರ ನೋಡಲಿಲ್ಲ. ಸುಳ್ಳು ಅಂತ ಆಗಲೇ ಗೊತ್ತಾಯಿತು. ಜನರನ್ನು ಅಳೆಯುವುದರಲ್ಲಿ ನಾನು ತಪ್ಪುವುದಿಲ್ಲ. ಇಂಥ ಸ್ವಾರ್ಥಿಯ ಸ್ನೇಹ ಬಿಡಲಾ?

ಉತ್ತರ: ಬಿಡಬೇಡಿ. ಈಗಲಂತೂ ಬೇಡ.

ಅಮ್ಮ ಹಾಸಿಗೆ ಹಿಡಿದಾಗ ಆಪ್ತರೇ ಬರದಿದ್ದರೆ ಆಗುವ ಸಂಕಟ ಸಣ್ಣದಲ್ಲ. ನಿಮ್ಮ ನೋವು ನಿಜ. ಆದರೆ ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕಂಡದ್ದು ಎರಡೇ ಸಂಗತಿ: ಅವಳು ಬರಲಿಲ್ಲ, ಮುಖ ನೋಡಲಿಲ್ಲ. ಸುಳ್ಳು, ಸ್ವಾರ್ಥ ಅನ್ನುವುದನ್ನು ಸೇರಿಸಿದ್ದು ನಿಮ್ಮ ಮನಸ್ಸು.

ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ ಅಂತ ನಂಬಿದವರು ನೀವೊಬ್ಬರೇ ಅಲ್ಲ. ಸುಳ್ಳನ್ನು ಹೇಗೆ ಪತ್ತೆ ಹಚ್ಚುತ್ತೀರಿ ಅಂತ 58 ದೇಶಗಳ ಜನರನ್ನು ಕೇಳಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅರ್ಧಕ್ಕಿಂತ ಜಾಸ್ತಿ ಜನ ಹೇಳಿದ್ದು ಇದನ್ನೇ. ಆದರೆ ಪ್ರಯೋಗ ಮಾಡಿ ನೋಡಿದಾಗ ನೋಟಕ್ಕೂ ಸುಳ್ಳಿಗೂ ಹೇಳಿಕೊಳ್ಳುವಂಥ ನಂಟು ಕಂಡಿಲ್ಲ. ನಾಚಿಕೆ, ಆಯಾಸ, ತಪ್ಪು ಮಾಡಿದೆ ಅನ್ನೋ ಅಳುಕು, ಯಾವುದಕ್ಕೆ ಬೇಕಾದರೂ ಕಣ್ಣು ಕೆಳಗಾಗುತ್ತದೆ. ಅದೇ ವರ್ಷ ಬಾಂಡ್ ಮತ್ತು ಡಿಪೌಲೊ ಅನ್ನುವ ಸಂಶೋಧಕರು ಇಂಥ 200ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಯಾವುದು ನಿಜ, ಯಾವುದು ಸುಳ್ಳು ಅಂತ ಜನ ಸರಿಯಾಗಿ ಹೇಳಿದ್ದು ಸರಾಸರಿ 100ಕ್ಕೆ 54 ಸಲ. ನಾಣ್ಯ ಚಿಮ್ಮಿದರೂ 50 ಸಲ ಸರಿಯಾಗುತ್ತದೆ, ಅಲ್ವಾ? "ನನಗೆ ಖಂಡಿತ ಗೊತ್ತು" ಅಂದವರೂ ಉಳಿದವರಿಗಿಂತ ಮುಂದೇನೂ ಇರುವುದಿಲ್ಲ.

ಇಷ್ಟು ವರ್ಷ ನನ್ನ ಅಂದಾಜು ಸರಿಯಾಗಿತ್ತಲ್ಲ ಅಂತೀರಿ. ಸಿಕ್ಕಿಬಿದ್ದವರು ನಿಮಗೆ ನೆನಪಿದ್ದಾರೆ, ಅಷ್ಟೇ. ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿ ಹೋದವರು ವಾಪಸ್ ಬಂದು "ನೀವು ನಂಬಿಬಿಟ್ಟಿರಿ" ಅಂತ ಹೇಳುವುದಿಲ್ಲ. ನಿಜ ಹೇಳಿಯೂ ನಿಮ್ಮಿಂದ ದೂರವಾದವರು ಸುಮ್ನೆ ಹೋಗಿಬಿಡುತ್ತಾರೆ.

ಇನ್ನು ಸ್ವಾರ್ಥದ ಮಾತು. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಅಮೆರಿಕದಲ್ಲಿ ಧರ್ಮಗುರುಗಳಾಗಲು ಓದುತ್ತಿದ್ದ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಭಾಷಣಕ್ಕೆಂದು ಅವರನ್ನು ಇನ್ನೊಂದು ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಕೆಮ್ಮುತ್ತಾ ಕುಸಿದು ಕೂತಿದ್ದ. ಸಮಯ ಇದ್ದವರಲ್ಲಿ 63% ಜನ ನೆರವಿಗೆ ನಿಂತರು. ತಡವಾಗಿದೆ ಅಂತ ಅವಸರ ಮಾಡಿಸಿದವರಲ್ಲಿ ನಿಂತದ್ದು ಬರೀ 10%. ಓದುತ್ತಿದ್ದದ್ದು ಒಂದೇ ಓದು, ಬೇರೆಯಾಗಿದ್ದು ಗಡಿಯಾರ ಮಾತ್ರ. ನೋಡುತ್ತಾ ನಿಂತವರು ಮಾತ್ರ "ಎಂಥ ಕಲ್ಲು ಹೃದಯ" ಅಂದುಬಿಡುತ್ತಾರೆ. ನಾವು ಹೋಗಲಾಗದಿದ್ದರೆ ಕಾರಣ ನಮಗೆ ಗೊತ್ತಿರುತ್ತದೆ. ಬೇರೆಯವರು ಬರದಿದ್ದರೆ ಗುಣವೇ ಸರಿಯಿಲ್ಲ ಅನಿಸುತ್ತದೆ.

ಅವಳ ಆ ಹತ್ತು ದಿನ ಹೇಗಿತ್ತು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆದ್ದರಿಂದ ಕೇಳಿ. "ಯಾಕೆ ಸುಳ್ಳು ಹೇಳಿದೆ" ಅಂತ ಶುರು ಮಾಡಬೇಡಿ. "ನೀನು ಬರದೇ ಇದ್ದದ್ದು ತುಂಬಾ ನೋವಾಯಿತು, ಆಗ ನಿನಗೇನಾಗಿತ್ತು?" ಅನ್ನಿ. ಆಮೇಲೂ ಸಮಾಧಾನ ಆಗದಿದ್ದರೆ ದೂರ ಆಗುವ ಹಕ್ಕು ನಿಮಗಿದ್ದೇ ಇದೆ. ಆದರೆ ಉತ್ತರ ಕೊಡುವಾಗ ಅವಳು ನೆಲ ನೋಡಿದರೂ ಮಾತು ಮುಗಿಯುವವರೆಗೆ ಕೇಳಿಸಿಕೊಳ್ಳಿ.