ಸೆಟ್‌ಯುಐಡಿಗಿಂತ ಮೊದಲು ಸೆಟ್‌ಜಿಐಡಿ
ಲಿನಕ್ಸ್‌ನಲ್ಲಿ ರೂಟ್ (ಎಲ್ಲ ಅಧಿಕಾರವಿರುವ, ಸೊನ್ನೆ ಸಂಖ್ಯೆಯ ಬಳಕೆದಾರ) ಆಗಿ ಆರಂಭವಾಗುವ ಸರ್ವರ್, ಗುರುತನ್ನು ತಾತ್ಕಾಲಿಕವಾಗಿ ಬದಲಿಸುವ ಸೆಟ್‌ಇಯುಐಡಿ ಎಂಬ ಸಿಸ್ಟಮ್ ಕರೆಯನ್ನು ಕರೆದು ಸಾಮಾನ್ಯ ಬಳಕೆದಾರನಂತೆ ಓಡುತ್ತ, ಬೇಕಾದಾಗ ಮತ್ತೆ ರೂಟ್ ಆದರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಸಾಲದು. ಅಧಿಕಾರ ಬಿಡುವುದನ್ನು ನಿಮ್ಮಷ್ಟೇ ಹಗುರವಾಗಿ ತೆಗೆದುಕೊಂಡು ನಾನು ಪೆಟ್ಟು ತಿಂದಿದ್ದೇನೆ.

ತೀರ್ಥಹಳ್ಳಿಯ ಕಡೆ ಅಡಿಕೆ ಬೆಳೆಗಾರರ ಸಂಘವೊಂದಕ್ಕೆ ರಾಶಿ, ಬೆಟ್ಟೆ, ಗೊರಬಲು, ಸರಕುಗಳ ದಿನದ ಧಾರಣೆ ತೋರಿಸುವ ಸಣ್ಣ ಸರ್ವರ್ ಒಂದನ್ನು ಸಿ ಭಾಷೆಯಲ್ಲಿ ಬರೆದುಕೊಟ್ಟಿದ್ದೆ. ವೆಬ್ ಕೋರಿಕೆಗಳು ಬರುವ 80ನೇ ಪೋರ್ಟ್ ತೆರೆಯಲು ರೂಟ್ ಅಧಿಕಾರ ಬೇಕಿತ್ತು. ತೆರೆದ ಕೂಡಲೇ ಪ್ರೋಗ್ರಾಮ್ 1001 ಸಂಖ್ಯೆಯ ಬಳಕೆದಾರನಾಗಿ ಇಳಿಯುತ್ತಿತ್ತು. ಮಳೆಗಾಲದ ಒಂದು ಮಧ್ಯಾಹ್ನ ಸಂಘದ ಕಾರ್ಯದರ್ಶಿಯವರು ಫೋನ್ ಮಾಡಿ, ಸದಸ್ಯರೊಬ್ಬರ ಮಗ ವಿಳಾಸದಲ್ಲಿ ಜೋಡಿ ಚುಕ್ಕಿಗಳನ್ನು (ಮೇಲಿನ ಡೈರೆಕ್ಟರಿಗೆ ಹೋಗುವ ಗುರುತು) ಸೇರಿಸಿದಾಗ ಎಲ್ಲರ ಠೇವಣಿ ಪಟ್ಟಿಯೂ ಮೊಬೈಲಿನಲ್ಲಿ ತೆರೆದುಕೊಂಡಿತೆಂದರು. ವಿಳಾಸವನ್ನು ಸರಿಯಾಗಿ ಪರೀಕ್ಷಿಸದಿದ್ದದ್ದು ನನ್ನದೇ ಲೋಪ. ಆದರೆ ಆ ಕಡತ ರೂಟ್‌ನದು, ಅನುಮತಿ 640, ಎಂದರೆ ಹೊರಗಿನವರಿಗೆ ಓದಲೂ ಆಗದು. 1001ರ ಕೈಗೆ ಅದು ಸಿಕ್ಕಿದ್ದಾದರೂ ಹೇಗೆ?

ಓಡುತ್ತಿರುವ ಪ್ರೋಗ್ರಾಮ್‌ಗಳ, ಅಂದರೆ ಪ್ರೊಸೆಸ್‌ಗಳ, ವಿವರ ತೋರಿಸುವ ಪ್ರೋಕ್ ಡೈರೆಕ್ಟರಿಯಲ್ಲಿ ಆ ಪ್ರೊಸೆಸ್‌ನ ಸ್ಟೇಟಸ್ ಕಡತ ತೆರೆದೆ. ಬಳಕೆದಾರನ ಸಂಖ್ಯೆ ತೋರಿಸುವ ಯುಐಡಿ ಸಾಲಿನಲ್ಲಿ ನಾಲ್ಕು ಸಲ 1001 ಇತ್ತು. ಅದರ ಕೆಳಗೆ, ಗುಂಪಿನ ಸಂಖ್ಯೆ ತೋರಿಸುವ ಜಿಐಡಿ ಸಾಲಿನಲ್ಲಿ, ರೂಟ್ ಗುಂಪಿನ ನಾಲ್ಕು ಸೊನ್ನೆಗಳಿದ್ದವು.

ನಾನು ಮೊದಲು ಬಳಕೆದಾರನನ್ನು ಬದಲಿಸುವ ಸೆಟ್‌ಯುಐಡಿ, ಆಮೇಲೆ ಗುಂಪನ್ನು ಬದಲಿಸುವ ಸೆಟ್‌ಜಿಐಡಿ ಕರೆದಿದ್ದೆ. ರೂಟ್ ಸೆಟ್‌ಯುಐಡಿ ಕರೆದಾಗ ನೈಜ (ಆರಂಭಿಸಿದವನದು), ಪರಿಣಾಮಕಾರಿ (ಅನುಮತಿ ಪರೀಕ್ಷೆಗೆ ಬಳಸುವುದು), ಉಳಿಸಿಟ್ಟ (ಮತ್ತೆ ಮರಳಬಹುದಾದದ್ದು) ಗುರುತುಗಳು ಮೂರೂ ಒಟ್ಟಿಗೆ ಬದಲಾಗುತ್ತವೆ. ಆ ಕ್ಷಣಕ್ಕೇ ಗುಂಪು ಬದಲಿಸುವ ಅಧಿಕಾರವೂ ಹೋಗುತ್ತದೆ. ಹಾಗಾಗಿ ಮರುಸಾಲಿನ ಸೆಟ್‌ಜಿಐಡಿಯನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್ ನಿರಾಕರಿಸಿ, ವಿಫಲವೆಂದು ತಿಳಿಸುವ -1 ಹಿಂದಿರುಗಿಸಿತ್ತು. ನಾನು ಆ ಉತ್ತರವನ್ನು ನೋಡಿಯೇ ಇರಲಿಲ್ಲ. ಪ್ರೊಸೆಸ್ ರೂಟ್ ಗುಂಪಿನಲ್ಲೇ ಉಳಿಯಿತು, 640ರ ನಡುವಿನ 4 ಆ ಗುಂಪಿಗೆ ಓದುವ ಅನುಮತಿ ಕೊಟ್ಟಿತು. ಪ್ರೊಸೆಸ್ ಹೆಚ್ಚುವರಿಯಾಗಿ ಸೇರಿರುವ ಪೂರಕ ಗುಂಪುಗಳನ್ನು ಖಾಲಿ ಮಾಡುವ ಸೆಟ್‌ಗ್ರೂಪ್ಸ್ ಅನ್ನಂತೂ ಬರೆದೇ ಇರಲಿಲ್ಲ. ಎರಡು ಸಾಲು ಅದಲುಬದಲಾದದ್ದಕ್ಕೆ ಊರಿನವರ ಉಳಿತಾಯದ ಲೆಕ್ಕ ಬೀದಿಗೆ ಬಂತು. ಸಂಘ ಆ ಕೆಲಸವನ್ನು ನನ್ನಿಂದ ಹಿಂತೆಗೆದುಕೊಂಡದ್ದು ನ್ಯಾಯವೇ ಆಗಿತ್ತು.

ಈಗ ನಿಮ್ಮ ಸೆಟ್‌ಇಯುಐಡಿಯ ವಿಚಾರ. ಅದು ಬದಲಿಸುವುದು ಪರಿಣಾಮಕಾರಿ ಗುರುತನ್ನು ಮಾತ್ರ. ಉಳಿಸಿಟ್ಟ ಗುರುತು ಸೊನ್ನೆಯಾಗಿಯೇ ಇರುತ್ತದೆ. ನಿಮ್ಮ ಪ್ರೋಗ್ರಾಮಿನೊಳಗೆ ತನ್ನ ಕೋಡ್ ನುಗ್ಗಿಸಿದವನು ನೀವು ಕರೆಯುವ ಅದೇ ಕರೆಯಿಂದ ರೂಟ್ ಆಗುತ್ತಾನೆ. ಬೀಗ ಹಾಕಿ ಕೀಲಿಯನ್ನು ಬಾಗಿಲಲ್ಲೇ ಬಿಟ್ಟಂತೆ. ಪೋರ್ಟ್‌ಗಾಗಿ ಮಾತ್ರ ರೂಟ್ ಬೇಕೆಂದಾದರೆ ರೂಟ್ ಆಗಲೇಬೇಡಿ: ಸರ್ವರ್‌ಗಳನ್ನು ಆರಂಭಿಸಿ ನಿರ್ವಹಿಸುವ ಸಿಸ್ಟಮ್‌ಡಿಯ ಸರ್ವಿಸ್ ಕಡತದಲ್ಲಿ ಬಳಕೆದಾರನನ್ನು ಹೆಸರಿಸಿ, 1024ಕ್ಕಿಂತ ಕೆಳಗಿನ ಪೋರ್ಟ್ ತೆರೆಯುವ ಕೇಪಬಿಲಿಟಿಯೊಂದನ್ನೇ (ರೂಟ್ ಅಧಿಕಾರದ ಒಂದು ತುಣುಕು) ಕೊಡಿ. ನಡುನಡುವೆ ರೂಟ್ ಕೆಲಸ ನಿಜಕ್ಕೂ ಇದ್ದರೆ, ದೂರದಿಂದ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಮಾಡುವಂತೆ ಅದನ್ನು ಬೇರೆಯೇ ಪ್ರೊಸೆಸ್‌ಗೆ ವಹಿಸಿ.

ರೂಟ್‌ನಿಂದ ಇಳಿಯಲೇಬೇಕಾದರೆ ಮೊದಲು ಸೆಟ್‌ಗ್ರೂಪ್ಸ್, ಆಮೇಲೆ ಗುಂಪಿನ ಮೂರೂ ಗುರುತುಗಳನ್ನು ಬದಲಿಸುವ ಸೆಟ್‌ರೆಸ್‌ಜಿಐಡಿ, ಕೊನೆಗೆ ಬಳಕೆದಾರನ ಮೂರನ್ನೂ ಬದಲಿಸುವ ಸೆಟ್‌ರೆಸ್‌ಯುಐಡಿ. ಯಾವುದೊಂದು ವಿಫಲವಾದರೂ ಪ್ರೋಗ್ರಾಮ್ ಅಲ್ಲಿಯೇ ನಿಲ್ಲಬೇಕು. ರೂಟ್‌ಗೆ ಇವು ವಿಫಲವಾಗುವುದಿಲ್ಲವೆಂಬ ನಂಬಿಕೆ ತಪ್ಪು: ಲಿನಕ್ಸ್ 2.6ರ ಕಾಲದಲ್ಲಿ ಆ ಬಳಕೆದಾರನ ಪ್ರೊಸೆಸ್‌ಗಳ ಮಿತಿ ಮುಗಿದಿದ್ದರೆ ರೂಟ್ ಕರೆದ ಸೆಟ್‌ಯುಐಡಿಯೂ ಸೋಲುತ್ತಿತ್ತು, ಉತ್ತರ ನೋಡದ ಪ್ರೋಗ್ರಾಮ್ ರೂಟ್ ಆಗಿಯೇ ಓಡುತ್ತಿತ್ತು. ಇಳಿದ ಮೇಲೆ ಸೊನ್ನೆಗೆ ಮರಳಲು ಬೇಕೆಂದೇ ಪ್ರಯತ್ನಿಸಿ, ಬಳಕೆದಾರನಾಗಿಯೂ ಗುಂಪಾಗಿಯೂ. ಅದು ಯಶಸ್ವಿಯಾದರೆ ಮುಂದುವರಿಯಬೇಡಿ. ನನ್ನ ಸರ್ವರ್‌ನಲ್ಲಿ ಸೆಟ್‌ಜಿಐಡಿಗೆ ಸೊನ್ನೆ ಕೊಟ್ಟು ಒಮ್ಮೆ ಕರೆದಿದ್ದರೂ ಅದು ಯಶಸ್ವಿಯಾಗಿ, ಮೊದಲ ದಿನವೇ ತಪ್ಪು ಸಿಕ್ಕಿಬೀಳುತ್ತಿತ್ತು.