ಬಾಲಿಗೆ ಐದು ದಿನ ಸಾಕಾ?

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೇ, ಬೆನ್ನಿಗೊಂದೊಂದು ಬ್ಯಾಗ್ ಹಾಕಿಕೊಂಡು ಐದು ದಿನ ಬಾಲಿಗೆ ಹೋಗಬೇಕೆಂದಿದ್ದೇವೆ. ಪ್ಯಾಕೇಜ್ ಟೂರ್ ಬೇಡ. ಉಬುದ್, ಕುಟಾ, ಚಂಗು, ಉಲುವಾಟು, ಬಾತೂರ್ ಬೆಟ್ಟ, ನುಸಾ ಪೆನಿಡಾ, ಮುಂಡುಕ್ ಜಲಪಾತ, ಇಷ್ಟೂ ನೋಡಲು ಆಗುತ್ತದಾ?
– ದಂಪತಿ, ಶಿವಮೊಗ್ಗ

ಉತ್ತರ: ನಿಮ್ಮ ಪಟ್ಟಿ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾನು, ನಮ್ಮನೆಯವರು ಹೋದಾಗ ಇಂಥದ್ದೇ ಪಟ್ಟಿ ಇತ್ತು, ಎರಡನೇ ದಿನಕ್ಕೇ ಅರ್ಧ ಹೊಡೆದುಹಾಕಿದೆವು. ದ್ವೀಪ ಅಂದ ಕೂಡಲೇ ಪುಟ್ಟದು, ಸುತ್ತಾಡಿ ಬಂದುಬಿಡಬಹುದು ಅನ್ನಿಸುತ್ತದೆ. ಬಾಲಿ ನಮ್ಮ ಕೊಡಗಿಗಿಂತ ದೊಡ್ಡದು. ರೈಲಿಲ್ಲ, ಬಸ್ಸು ಹೆಸರಿಗಷ್ಟೇ, ದಕ್ಷಿಣದ ರಸ್ತೆಗಳಲ್ಲಿ ಸಂಜೆ ಹೊತ್ತು ನಿಂತರೆ ಸಿಲ್ಕ್ ಬೋರ್ಡ್ ನೆನಪಾಗುತ್ತದೆ. ವಿಮಾನ ನಿಲ್ದಾಣದಿಂದ ಉಬುದ್‌ಗೆ 40 ಕಿ.ಮೀ. ಕೂಡ ಇಲ್ಲ, ನಮಗೆ ಎರಡು ಗಂಟೆ ಹಿಡಿಯಿತು.

ಹಾಗಾಗಿ ಎರಡೇ ಕಡೆ ರೂಮು ಮಾಡಿ. ಮೂರು ರಾತ್ರಿ ಉಬುದ್, ಎರಡು ರಾತ್ರಿ ಸನೂರ್. ಪೆನಿಡಾಕ್ಕೆ ದೋಣಿ ಸನೂರಿನಿಂದಲೇ ಹೊರಡುತ್ತದೆ, ಮುಕ್ಕಾಲು ಗಂಟೆಯೊಳಗೆ ಮುಟ್ಟಿಸುತ್ತಾರೆ. ಕುಟಾ, ಚಂಗು, ಮುಂಡುಕ್ ಬಿಡಿ. ಬಾತೂರ್ ಹತ್ತಲೇಬೇಕಾದರೆ ರಾತ್ರಿ ಎರಡಕ್ಕೆ ಏಳಬೇಕು, ಮಾರನೇ ದಿನ ಪೂರ್ತಿ ನಿದ್ದೆಗೆ ಹೋಗುತ್ತದೆ, ನೀವೇ ಯೋಚಿಸಿ.

ಉಬುದ್‌ನಲ್ಲಿ ಬೆಳಗ್ಗೆ ಆರಕ್ಕೇ ಚಂಪುಹಾನ್ ಗುಡ್ಡದ ದಾರಿಯಲ್ಲಿ ನಡೆಯಿರಿ, ದುಡ್ಡಿಲ್ಲ, ಜನವೂ ಕಡಿಮೆ. ಟೆಗಲಾಲಂಗ್ ಗದ್ದೆಗಳು ಚೆಂದವೇ, ಆದರೆ ಈಗ ಅಲ್ಲಿ ಪೈರಿಗಿಂತ ಉಯ್ಯಾಲೆ ಜಾಸ್ತಿ. ಊರಿನಲ್ಲಿ ಫುಟ್‌ಪಾತ್ ಮೇಲೆ, ಅಂಗಡಿ ಹೊಸಿಲಲ್ಲಿ ಗರಿಯ ಪುಟ್ಟ ಬುಟ್ಟಿಯಲ್ಲಿ ಹೂವು, ಅಕ್ಕಿ, ಊದುಬತ್ತಿ ಇಟ್ಟಿರುತ್ತಾರೆ. ಅದು ಚನಾಂಗ್ ಸಾರಿ, ದಿನದ ಪೂಜೆ. ಫೋನ್ ನೋಡ್ತಾ ನಡೆದು ತುಳಿಯಬೇಡಿ.

ಉಲುವಾಟು ಕೊನೇ ಸಂಜೆಗೆ ಇಟ್ಟುಕೊಳ್ಳಿ. ಸೂರ್ಯ ಮುಳುಗುವ ಹೊತ್ತಿಗೆ ಕೆಚಕ್ ಕುಣಿತ ಶುರುವಾಗುತ್ತದೆ. ಚಂಡೆ, ಮದ್ದಳೆ ಏನೂ ಇಲ್ಲ. ಹತ್ತಾರು ಗಂಡಸರು ಸುತ್ತ ಕೂತು ಬರೀ ಬಾಯಲ್ಲಿ ‘ಚಕ್ ಚಕ್ ಚಕ್’ ಅಂತ ತಾಳ ಹಿಡಿಯುತ್ತಾರೆ, ಮಧ್ಯೆ ಸೀತಾಪಹರಣ ನಡೆಯುತ್ತದೆ. ಯಕ್ಷಗಾನ ನೋಡಿ ಬೆಳೆದ ನನಗೆ ಆ ಹನುಮಂತ ಪರವಾಗಿಲ್ಲ ಅನ್ನಿಸಿದ. ಸಾವಿರ ವರ್ಷದ ಕಲೆ ಅಂದುಕೊಂಡಿದ್ದೆ, ಈಗಿನ ರೂಪ ಬಂದದ್ದು 1930ರ ದಶಕದಲ್ಲಂತೆ. ಅಲ್ಲಿ ಕನ್ನಡಕ ತೆಗೆದು ಬ್ಯಾಗಿಗೆ ಹಾಕಿ. ಕೋತಿಗಳು ಕಿತ್ತುಕೊಂಡು ಹೋಗಿ, ತಿಂಡಿ ಕೊಟ್ಟ ಮೇಲೆ ವಾಪಸ್ ಕೊಡುತ್ತವೆ!

ಪ್ರಶ್ನೆ: ನಾವು ಮೊಟ್ಟೆ ಕೂಡ ತಿನ್ನುವುದಿಲ್ಲ. ಗತಿ ಏನು?
– ಓದುಗರು, ಉಡುಪಿ

ಉತ್ತರ: ಉಪವಾಸ ಬೀಳುವುದಿಲ್ಲ. ‘ವಾರುಂಗ್’ ಅಂದರೆ ನಮ್ಮ ಖಾನಾವಳಿ ಥರದ ಸಣ್ಣ ಹೋಟೆಲ್. ಅನ್ನ, ಸೊಪ್ಪಿನ ಪಲ್ಯ, ತೋಫು, ಸೋಯಾ ಹುದುಗಿಸಿ ಮಾಡಿದ ಟೆಂಪೆ ಸಿಗುತ್ತದೆ, ಟೆಂಪೆ ಕರಿದರೆ ನನಗಂತೂ ಬಜ್ಜಿ ಬೇಡ. ಕಷ್ಟ ಇರುವುದು ಚಟ್ನಿಯಲ್ಲಿ. ಸಾಂಬಲ್‌ಗೆ, ಎಷ್ಟೋ ಕಡೆ ಗಾಡೊ ಗಾಡೊ ಅನ್ನುವ ಬೇಯಿಸಿದ ತರಕಾರಿ ತಿನಿಸಿನ ಕಡಲೆಕಾಯಿ ಸಾಸ್‌ಗೂ ‘ತೆರಾಸಿ’ ಹಾಕುತ್ತಾರೆ. ಅದು ಸೀಗಡಿ ಅರೆದು ಮಾಡಿದ್ದು. ಬರೀ ‘ವೆಜ್’ ಅಂದರೆ ಸಾಲದು, ‘ತೆರಾಸಿ ಬೇಡ’ ಅಂತ ಹೆಸರು ಹಿಡಿದೇ ಹೇಳಿ.

ಪ್ರಶ್ನೆ: ಸ್ಕೂಟರ್ ಬಾಡಿಗೆ, ದುಡ್ಡು, ವೀಸಾ?
– ಓದುಗರು, ಬೆಂಗಳೂರು

ಉತ್ತರ: ವೀಸಾ ಅಲ್ಲಿ ಇಳಿದ ಮೇಲೂ ಸಿಗುತ್ತದೆ, ತಲೆಗೆ 5 ಲಕ್ಷ ರುಪಿಯಾ. ಗಾಬರಿ ಬೇಡ, ನಮ್ಮ ಮೂರು ಸಾವಿರ ರೂಪಾಯಿ ಆಸುಪಾಸು. 2024ರಿಂದ ಪ್ರವಾಸಿ ಶುಲ್ಕ ಅಂತ ಇನ್ನೊಂದೂವರೆ ಲಕ್ಷ ರುಪಿಯಾ ಇದೆ. ಸ್ಕೂಟರಿಗೆ ಹೆಲ್ಮೆಟ್, ಜೊತೆಗೆ ಇಲ್ಲಿಯ ಆರ್‌ಟಿಓದಲ್ಲಿ ಮಾಡಿಸಿದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇರಲಿ. ಅದಿಲ್ಲದೆ ಬಿದ್ದರೆ ಇನ್ಶೂರೆನ್ಸ್ ಕೈಕೊಡುತ್ತದೆ.

ದುಡ್ಡು ಬದಲಿಸುವಾಗ ನಾವು ಮೋಸ ಹೋದೆವು. ಗಲ್ಲಿಯ ಅಂಗಡಿ, ಬೋರ್ಡಲ್ಲಿ ಎಲ್ಲರಿಗಿಂತ ಜಾಸ್ತಿ ರೇಟು. ನಾವು ಎಣಿಸಿದಾಗ ಸರಿಯಾಗಿಯೇ ಇತ್ತು, ಆಮೇಲೆ ಅವನು ‘ಇನ್ನೊಮ್ಮೆ ನೋಡ್ತೀನಿ’ ಅಂತ ಕಟ್ಟು ವಾಪಸ್ ತೆಗೆದುಕೊಂಡ. ರೂಮಿಗೆ ಬಂದು ನೋಡಿದರೆ ಐದು ನೋಟು ಕಡಿಮೆ. ಕೊನೆಗೆ ಎಣಿಸುವ ಕೈ ನಿಮ್ಮದೇ ಆಗಿರಲಿ.

ಪ್ರಶ್ನೆ: ಯುಗಾದಿ ರಜೆಗೆ ಹೋಗಬಹುದಾ?
– ಓದುಗರು, ಧಾರವಾಡ

ಉತ್ತರ: ಕ್ಯಾಲೆಂಡರ್ ನೋಡದೆ ಟಿಕೆಟ್ ಮಾಡಬೇಡಿ. ಅವರದೂ ಶಕ ವರ್ಷವೇ, ಹೊಸ ವರ್ಷ ನಮ್ಮ ಯುಗಾದಿ ಹತ್ತಿರವೇ ಬರುತ್ತದೆ. 2025ರಲ್ಲಿ ಮಾರ್ಚ್ 29ಕ್ಕೆ ಅವರ ನ್ಯೆಪಿ, ಅಂದರೆ ಮೌನದ ಹೊಸ ವರ್ಷ, 30ಕ್ಕೆ ನಮ್ಮ ಯುಗಾದಿ. ನಾವು ಹೋಳಿಗೆ ಮಾಡಿದರೆ ಅವರು ಮಾತೇ ಬಿಡುತ್ತಾರೆ! ಇಪ್ಪತ್ನಾಲ್ಕು ಗಂಟೆ ವಿಮಾನ ನಿಲ್ದಾಣ ಬಂದ್, ರಸ್ತೆಗೆ ಯಾರೂ ಇಳಿಯುವಂತಿಲ್ಲ, ಪ್ರವಾಸಿಗರೂ ಅಷ್ಟೇ. ಹಿಂದಿನ ಸಂಜೆ ಓಗೋ ಓಗೋ ಅನ್ನುವ ದೈತ್ಯ ಗೊಂಬೆಗಳ ಮೆರವಣಿಗೆ ಇರುತ್ತದೆ. ಅದನ್ನು ನೋಡಲು ಹೊರಟಾಗ ಬಾಳೆಹಣ್ಣು, ಬಿಸ್ಕೆಟ್ ತಂದಿಟ್ಟುಕೊಳ್ಳಿ, ಮಾರನೇ ದಿನ ಒಂದು ಅಂಗಡಿಯೂ ತೆರೆಯುವುದಿಲ್ಲ.