ತೆನೆಯನ್ನು ನೆರೆಮನೆಯ ಗದ್ದೆಯಿಂದ ತನ್ನಿ

(ಬೆಳ್ತಂಗಡಿ ಕಡೆಯ ಓದುಗರೊಬ್ಬರು ತಮ್ಮ ಚರ್ಚಿನ ಪಾಲನಾ ಮಂಡಳಿಯ ಸದಸ್ಯರು. ಅವರು ಬರೆಯುತ್ತಾರೆ: 'ಪ್ರತಿವರ್ಷ ಶಾಲಾಮಕ್ಕಳಿಗೆ ಪುಸ್ತಕ ಹಂಚುತ್ತೇವೆ, ವೈದ್ಯಕೀಯ ಶಿಬಿರ ಮಾಡುತ್ತೇವೆ. ಊರವರು ಬರುತ್ತಾರೆ, ತೆಗೆದುಕೊಂಡು ಹೋಗುತ್ತಾರೆ. ಹಬ್ಬಕ್ಕೆ ಕರೆದರೆ ಯಾರೂ ಇಲ್ಲ. ಇನ್ನೇನು ಮಾಡಬೇಕು? ಫ್ಲೆಕ್ಸ್ ಹಾಕಿಸೋಣವೇ?')

ಪ್ರಿಯರೇ, ನಮಸ್ಕಾರ.

ಪುಸ್ತಕ ಹಂಚುವುದನ್ನು ನಿಲ್ಲಿಸಿ ಎನ್ನುವುದಿಲ್ಲ. ಆದರೆ ಪ್ರತಿ ಸಲವೂ ವೇದಿಕೆಯ ಮೇಲೆ ನೀವು, ಕೆಳಗೆ ಸಾಲಿನಲ್ಲಿ ಅವರು. ಅಲ್ಲಿ ಸಲಿಗೆ ಹುಟ್ಟುವುದಾದರೂ ಹೇಗೆ? ಮತಾಂತರದ ಗುಮಾನಿ ಇರುವ ಈ ದಿನಗಳಲ್ಲಿ 'ಇವರು ಯಾಕೆ ಇಷ್ಟೊಂದು ಕೊಡುತ್ತಾರೆ' ಎಂದು ಕೆಲವರಿಗಾದರೂ ಅನಿಸುತ್ತದೆ. ಅದಕ್ಕೆ ಬೇಜಾರು ಮಾಡಿಕೊಂಡು ಫಲವಿಲ್ಲ. ಈ ವರ್ಷ ನೀವೇ ಅವರಲ್ಲಿ ಏನಾದರೂ ಕೇಳಿ.

ಏನು ಕೇಳುವುದು? ಮೊಂತಿ ಹಬ್ಬದ, ಅಂದರೆ ಮರಿಯಮ್ಮನ ಹುಟ್ಟುಹಬ್ಬವೂ ಹೊಸ ಬೆಳೆಯ ಹಬ್ಬವೂ ಆದ ದಿನದ, ಭತ್ತದ ತೆನೆ. ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಬಾಲೆ ಮರಿಯಮ್ಮನಿಗೆ ಹೂ ತರುತ್ತಾರೆ. ಸೆಪ್ಟೆಂಬರ್ 8ರಂದು ಆಶೀರ್ವಾದವಾದ ತೆನೆ ಮನೆಮನೆಗೆ ಹೋಗುತ್ತದೆ. ಕಾಳು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಹಾಕಿ ಹಿರಿಯರು ಎಲ್ಲರಿಗೂ ಕೊಟ್ಟ ಮೇಲೆಯೇ ಊಟ; ಅಂದು ಮೀನು ಮಾಂಸ ಇಲ್ಲ. ಪಕ್ಕದ ತುಳುವರ ಮನೆಯಲ್ಲೂ ತೆನೆ ತಂದು ಕಟ್ಟುತ್ತಾರೆ, ಪುದ್ದಾರ್ ಎಂಬ ಹೊಸ ಅಕ್ಕಿಯ ಊಟ ಉಣ್ಣುತ್ತಾರೆ. ಎರಡು ಮನೆಯವರೂ ಹೊಸ ಬೆಳೆಗೆ ಕೈಮುಗಿಯುತ್ತಾರೆ, ಆದರೆ ಬೇರೆ ಬೇರೆಯಾಗಿ.

ಗದ್ದೆಗಳೆಲ್ಲ ಅಡಿಕೆ, ರಬ್ಬರ್ ತೋಟಗಳಾದ ನಿಮ್ಮ ಕಡೆ ಈಗ ಬೇಸಾಯ ಮಾಡುವವರು ಯಾರು? ವಾಳೆಯ (ಚರ್ಚಿನ ವಾರ್ಡಿನ) ಗುರಿಕಾರರು, ಅಂದರೆ ಮುಖಂಡರು, ಅವರ ಮನೆಗೆ ಹೋಗಲಿ, ಜಗಲಿಯಲ್ಲಿ ಕೂತು ಮಾತಾಡಲಿ. 'ಈ ಸಲ ಹಬ್ಬಕ್ಕೆ ನಿಮ್ಮ ಗದ್ದೆಯ ತೆನೆ ಬೇಕು' ಎಂದು ತುಳುವಿನಲ್ಲೇ ಕೇಳಲಿ. ನೇಜಿ (ಭತ್ತದ ಸಸಿ) ನೆಡುವ ದಿನ ನಿಮ್ಮ ಯುವಕ ಯುವತಿಯರು ಕೆಸರಿಗಿಳಿಯಲಿ. ಫೋಟೋ ತೆಗೆಯಲಿಕ್ಕಲ್ಲ, ಸಂಜೆಯವರೆಗೆ ನೆಡಲಿಕ್ಕೆ. ಅವರು ಬೆಲೆ ಹೇಳಿದರೆ ಚೌಕಾಸಿ ಮಾಡದೆ ಕೊಡಿ. ದುಡ್ಡು ಬೇಡವೆಂದರೆ ಒತ್ತಾಯ ಮಾಡಬೇಡಿ, ಅವರಿಂದ ಪಡೆದುಕೊಳ್ಳಲು ನಿಮಗೂ ಗೊತ್ತಿರಬೇಕು. ಹಬ್ಬದ ದಿನ ತೆನೆ ಯಾರ ಗದ್ದೆಯದು ಎಂದು ಧರ್ಮಗುರುಗಳು ಎಲ್ಲರೆದುರು ಹೆಸರು ಹಿಡಿದು ಹೇಳಲಿ. ಊಟಕ್ಕೆ ಅವರನ್ನು ಅತಿಥಿಗಳ ಮೇಜಿಗೆ ಕಳಿಸಬೇಡಿ, ನಿಮ್ಮ ಮನೆಯವರ ಪಂಕ್ತಿಯಲ್ಲೇ ಕೂರಿಸಿ.

ಇದು ತೀರಾ ಸಣ್ಣ ಕೆಲಸವಾಯಿತು ಎಂದು ಮಂಡಳಿಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರಿಗೆ ಮಂಗಳೂರಿನ ಕಂಕನಾಡಿಯ ಕಥೆ ನೆನಪಿಸಿ. 1880ರಲ್ಲಿ ಜೆಸ್ವಿಟ್ ಪಾದ್ರಿ ಫಾದರ್ ಮುಲ್ಲರ್ ಆಸ್ಪತ್ರೆ ಕಟ್ಟಲು ಹೊರಟವರಲ್ಲ. ಆಲದ ಮರದಡಿ, ಬಂದ ರೋಗಿಗಳಿಗೆ ಹೋಮಿಯೋಪಥಿ ಔಷಧಿ ಕೊಡುತ್ತಿದ್ದರು, ಅಷ್ಟೆ. ಅವರ ಹೆಸರಿನ ಆಸ್ಪತ್ರೆಯ ಕಟ್ಟಡಗಳೆಲ್ಲ ಆಮೇಲೆ ಬಂದವು. ಕಾರ್ಕಳ ಬಳಿಯ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಎಲ್ಲ ಜಾತಿ ಧರ್ಮದವರು ಬರುತ್ತಾರಲ್ಲ, ಅವರು ಬರುವುದು ತಮ್ಮ ತಮ್ಮ ಹರಕೆ ಹೊತ್ತು. ಆ ನಂಬಿಕೆ ಒಂದೆರಡು ವರ್ಷದಲ್ಲಿ ಬೆಳೆದದ್ದಲ್ಲ. ಹಾಗಾಗಿ ಮೊದಲ ವರ್ಷ ಎಷ್ಟು ಜನ ಬಂದರು ಎಂದು ಲೆಕ್ಕ ಹಾಕಲು ಕೂರಬೇಡಿ.

ಫ್ಲೆಕ್ಸ್ ಖಂಡಿತ ಬೇಡ. ಏಣೇಲು, ಅಂದರೆ ಮಳೆಗಾಲದ ಮೊದಲ ಭತ್ತದ ಬೇಸಾಯ, ಮಳೆಯ ಜೊತೆಗೇ ಶುರುವಾಗುತ್ತದೆ. ಸೆಪ್ಟೆಂಬರ್‌ಗೆ ತೆನೆ ಕೈಗೆ ಸಿಗಬೇಕಾದರೆ ಬೇಗ ಬರುವ ತಳಿಯನ್ನೇ ಬಿತ್ತಬೇಕು. ಆದ್ದರಿಂದ ಮೇ ತಿಂಗಳಲ್ಲೇ ಹೋಗಿ ಮಾತಾಡಿ.

— ಸಂ.